ಫಾರ್ಮ್ಯಾಟ್ ಮಾಡಿಸುವ ಮುನ್ನ ಕ್ಯಾಬಿನೆಟ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಮುಗಿದು ಕಂಪ್ಯೂಟರ್ ಕೋಣೆಯ ಬೀಗ ತೆಗೆದ ವಾರದೊಳಗೇ ಶಾಲೆ-ಕಾಲೇಜುಗಳಲ್ಲಿ ದೂರು ಶುರುವಾಗುತ್ತದೆ. ‘ಆನ್ ಆಗುತ್ತೆ, ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತೆ’, ‘ವಿಪರೀತ ಸ್ಲೋ’, ‘ಹಿಟ್ಟಿನ ಗಿರಣಿ ಥರ ಸದ್ದು’. ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಡಿಟಿಪಿ ಅಂಗಡಿ, ಸೈಬರ್ ಸೆಂಟರುಗಳಲ್ಲೂ ಇದೇ ರಾಗ. ರಿಪೇರಿಗೆ ಬಂದವರು ಒಂದು ಸ್ಕ್ರೂ ಬಿಚ್ಚುವ ಮೊದಲೇ ‘ಫಾರ್ಮ್ಯಾಟ್ ಮಾಡ್ಬೇಕು ಸಾರ್’ ಎಂದುಬಿಡುತ್ತಾರೆ. ಫಾರ್ಮ್ಯಾಟ್ ಆಗುತ್ತದೆ, ದುಡ್ಡು ಹೋಗುತ್ತದೆ, ಜೊತೆಗೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ವರ್ಷಗಟ್ಟಲೆಯ ಕಡತವೂ ಹೋಗುತ್ತದೆ. ಮೂರನೇ ದಿನಕ್ಕೆ ಯಂತ್ರ ಮತ್ತೆ ಆಫ್. ಇಂಥ ಯಂತ್ರಗಳಲ್ಲಿ ಬಹುಪಾಲು ಸಲ ವಿಂಡೋಸಿಗೆ ಏನೂ ಆಗಿರುವುದಿಲ್ಲ. ನಾವು ‘ಸಿಪಿಯು’ ಎಂದು ಕರೆಯುವ ಆ ಡಬ್ಬಿಯೊಳಗೆ, ಅಂದರೆ ಕ್ಯಾಬಿನೆಟ್ಟಿನಲ್ಲಿ, ಧೂಳು ಕಟ್ಟಿಕೊಂಡು ಗಾಳಿ ನಿಂತುಹೋಗಿರುತ್ತದೆ, ಅಷ್ಟೇ.

ಬಿಸಿಯಿಂದ ಆಫ್ ಆಗುವ ಯಂತ್ರವನ್ನು ಗುರುತಿಸುವುದು ಸುಲಭ. ನೀಲಿ ಪರದೆ ಬರುವುದಿಲ್ಲ, ಎಚ್ಚರಿಕೆಯ ಸಂದೇಶ ಬರುವುದಿಲ್ಲ, ಕರೆಂಟ್ ಹೋದ ಹಾಗೆ ತಟ್ಟನೆ ನಿಲ್ಲುತ್ತದೆ. ತಕ್ಷಣ ಮತ್ತೆ ಆನ್ ಮಾಡಿದರೆ ಮೊದಲಿಗಿಂತ ಬೇಗ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದರೆ ಏನೂ ಆಗೇ ಇಲ್ಲವೆಂಬಂತೆ ನಡೆಯುತ್ತದೆ. ‘ಸ್ಲೋ’ ಎಂಬ ದೂರಿನ ಹಿಂದೆಯೂ ಎಷ್ಟೋ ಸಲ ಬಿಸಿಯೇ ಇರುತ್ತದೆ. ಯಂತ್ರದ ಲೆಕ್ಕವನ್ನೆಲ್ಲ ಮಾಡುವ ಮುಖ್ಯ ಚಿಪ್ಪೇ ಪ್ರೊಸೆಸರ್. ಈಚಿನ ಇಂಟೆಲ್ ಪ್ರೊಸೆಸರ್‌ಗಳಿಗೆ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಎಎಂಡಿ ಕಂಪನಿಯ ರೈಜೆನ್ 7000 ಸರಣಿಗೆ 95. ಆ ಗಡಿ ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಗ್ಗಿಸಿದರೂ ಬಿಸಿ ಇಳಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ನಿಲ್ಲಿಸುತ್ತದೆ.

ಎಡಬದಿಯ ತಗಡು ತೆಗೆದು ಟಾರ್ಚ್ ಬಿಟ್ಟು ನೋಡಿ. ಪ್ರೊಸೆಸರ್ ಮೇಲಿನ ದುಂಡು ಫ್ಯಾನ್ ಮೊದಲು ಕಣ್ಣಿಗೆ ಬೀಳುತ್ತದೆ. ರೆಕ್ಕೆಗಳ ಮೇಲೆ ಬೂದು ಬಣ್ಣದ ಧೂಳು ಕೂತಿರುತ್ತದೆ. ಅನೇಕರು ಅದನ್ನು ಬ್ರಶ್ಶಿನಿಂದ ಒರೆಸಿ ‘ಕ್ಲೀನ್ ಆಯ್ತು’ ಅನ್ನುತ್ತಾರೆ. ನಿಜವಾದ ತೊಂದರೆ ಅದರ ಕೆಳಗಿದೆ. ಫ್ಯಾನ್ ಕೆಳಮುಖವಾಗಿ ಊದುವುದರಿಂದ ಧೂಳೆಲ್ಲ ಹೋಗಿ, ಪ್ರೊಸೆಸರಿನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕಿನ ಎಸಳುಗಳ ಬಾಯಿಗೆ ಒತ್ತಿಕೊಳ್ಳುತ್ತದೆ. ಕೂದಲೆಳೆ, ಬಟ್ಟೆಯ ನಾರು, ಮಣ್ಣಿನ ಪುಡಿ ಎಲ್ಲ ಹೆಣೆದುಕೊಂಡು ಅಲ್ಲೊಂದು ಕಂಬಳಿಯ ತುಂಡೇ ತಯಾರಾಗಿರುತ್ತದೆ. ಫ್ಯಾನ್ ಬಿಚ್ಚಿದರೆ ಅದನ್ನು ಚಿಮುಟದಲ್ಲಿ ಹಿಡಿದು ಇಡಿಯಾಗಿ ಎತ್ತಬಹುದು, ಕೆಲವೊಮ್ಮೆ ಎರಡು-ಮೂರು ಮಿಲಿಮೀಟರ್ ದಪ್ಪ. ಮೇಲೆ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿರುತ್ತದೆ, ಕೆಳಗೆ ಒಂದು ಉಸಿರಿನಷ್ಟೂ ಗಾಳಿ ದಾಟುವುದಿಲ್ಲ. ಹಿಟ್ಟಿನ ಗಿರಣಿಯ ಸದ್ದು ಹುಟ್ಟುವುದು ಇಲ್ಲಿ.

ಧೂಳು ತೆಗೆಯುವ ಕ್ರಮಕ್ಕೆ ಆಮೇಲೆ ಬರುತ್ತೇನೆ. ಅದು ಮತ್ತೆ ಅಷ್ಟು ಬೇಗ ಕೂರದಂತೆ ಮಾಡುವುದು ಹೆಚ್ಚು ಮುಖ್ಯ, ಅದಕ್ಕೆ ಗಾಳಿಯ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಗೆ ಬರಬೇಕು. ಕಚೇರಿ ಕೆಲಸದ ಯಂತ್ರ 80 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಒಳಗೆ ಬಂದ ಗಾಳಿ 10 ಡಿಗ್ರಿಯಷ್ಟೇ ಬಿಸಿಯಾಗಿ ಹೊರಗೆ ಹೋಗಲು ಅದಕ್ಕೆ ನಿಮಿಷಕ್ಕೆ ಸುಮಾರು 400 ಲೀಟರ್ ಗಾಳಿ ಸಾಕು. ಫ್ಯಾನ್ ಡಬ್ಬಿಯ ಮೇಲೆ ಬರೆಯುವ ಲೆಕ್ಕದಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂಬ ಅಳತೆಯಲ್ಲಿ, 14 ಸಿಎಫ್‌ಎಂ. ವಿಡಿಯೊ ಎಡಿಟಿಂಗ್ ಅಥವಾ ಗೇಮ್‌ಗಾಗಿ ಗ್ರಾಫಿಕ್ಸ್ ಕಾರ್ಡ್ ಹಾಕಿ 300 ವ್ಯಾಟ್ ಎಳೆಯುವ ಯಂತ್ರಕ್ಕೆ 53 ಸಿಎಫ್‌ಎಂ. ಮಾರುಕಟ್ಟೆಯ ಸಾಧಾರಣ 120 ಮಿ.ಮೀ. ಫ್ಯಾನ್ ಒಂದೇ ಬಯಲಿನಲ್ಲಿ 50 ಸಿಎಫ್‌ಎಂ ಆಸುಪಾಸು ಕೊಡುತ್ತದೆ. ಮುಂದೆ ಜಾಲರಿ, ಹಿಂದೆ ವೈರುಗಳ ಗಂಟು ಇದ್ದರೆ ಅದು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಹೀಗೆ ಇಳಿದರೂ ಕಚೇರಿಯ ಯಂತ್ರಕ್ಕೆ ಒಂದು ಫ್ಯಾನ್, ದೊಡ್ಡ ಯಂತ್ರಕ್ಕೆ ಎರಡು ಅಥವಾ ಮೂರು ಸಾಲುತ್ತವೆ. ಬಣ್ಣದ ದೀಪ ಹೊತ್ತ ಏಳೆಂಟು ಫ್ಯಾನ್ ಕಣ್ಣಿಗೆ ಹಬ್ಬ, ಆದರೆ ಪ್ರತಿ ಘನ ಅಡಿ ಗಾಳಿಯೂ ತನ್ನ ಪಾಲಿನ ಧೂಳನ್ನು ಹೊತ್ತೇ ಬರುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ಗಾಳಿ ಎಷ್ಟು ಬರುತ್ತದೆ ಎಂಬುದಕ್ಕಿಂತ ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಧೂಳಿನ ಗುಟ್ಟಿದೆ. ಹೊರಗೆ ತಳ್ಳುವ ಫ್ಯಾನ್‌ಗಳ ಬಲ ಒಳಗೆ ಎಳೆಯುವವುಗಳ ಬಲಕ್ಕಿಂತ ಹೆಚ್ಚಾದರೆ ಕ್ಯಾಬಿನೆಟ್ಟಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೊಂಚ ಕಡಿಮೆಯಾಗುತ್ತದೆ. ಆಗ ಗಾಳಿ ಸಿಕ್ಕಿದ ಸಂದಿಯಿಂದೆಲ್ಲ ನುಗ್ಗುತ್ತದೆ: ಯುಎಸ್‌ಬಿ ತೂತು, ಡಿವಿಡಿ ಡ್ರೈವ್ ತೆಗೆದ ಖಾಲಿ ಕಿಂಡಿ, ಹಿಂಬದಿಯಲ್ಲಿ ಕಾರ್ಡ್ ಕಳಚಿ ಮುಚ್ಚಳ ಹಾಕದೆ ಬಿಟ್ಟ ಸೀಳು. ಅವಕ್ಕೆ ಜಾಲರಿ ಇರುವುದಿಲ್ಲ. ನಮ್ಮ ಕಚೇರಿಗಳ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಬಹುತೇಕ ಇದೇ ಸ್ಥಿತಿ. ಹಿಂದೆ ಒಂದು ಫ್ಯಾನ್, ಜೊತೆಗೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್‌ನದೊಂದು, ಎರಡೂ ಹೊರಗೆ ತಳ್ಳುವಂಥವು. ಒಳಗೆ ಎಳೆಯುವುದು ಒಂದೂ ಇಲ್ಲ. ಇದರ ಬದಲು ಮುಂದೆ ಜಾಲರಿಯ ಹಿಂದಿನಿಂದ ಎಳೆಯುವ ಗಾಳಿ ಹೆಚ್ಚಾಗಿದ್ದರೆ ಸಂದಿಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ಧೂಳು ಒಳನುಗ್ಗಲು ದಾರಿ ಸಿಗುವುದಿಲ್ಲ.

ಈ ಉಪಾಯ ಹೊಸದೇನಲ್ಲ. 1995ರಲ್ಲಿ ಇಂಟೆಲ್ ಕ್ಯಾಬಿನೆಟ್ಟಿನ ಒಳಜೋಡಣೆಗೆ ಎಟಿಎಕ್ಸ್ ಎಂಬ ಮಾದರಿಯನ್ನು ತಂದಾಗ ಎಸ್‌ಎಂಪಿಎಸ್ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ಪ್ರೊಸೆಸರ್ ಮೇಲೆ ಊದಲಿ ಎಂದೇ ಯೋಚಿಸಿತ್ತು. ಆದರೆ ಎಸ್‌ಎಂಪಿಎಸ್‌ನ ಬಿಸಿಯನ್ನು ಹೊತ್ತುಬಂದ ಗಾಳಿ ಪ್ರೊಸೆಸರನ್ನು ತಂಪು ಮಾಡುವುದು ಹೇಗೆ? ನಂತರ ಅದನ್ನು ಬಿಟ್ಟು ಹೊರಗೆ ತಳ್ಳುವ ಪದ್ಧತಿಗೆ ಬಂದರು. ಒಳಗೆ ಎಳೆಯುವ ಕೆಲಸ ಮುಂಭಾಗದ ಫ್ಯಾನ್‌ಗಳ ಪಾಲಿಗೆ ಬಂತು. ಕಡಿಮೆ ಬೆಲೆಯ ಕ್ಯಾಬಿನೆಟ್ ಮಾಡುವವರು ಆ ಫ್ಯಾನನ್ನೇ ಉಳಿತಾಯ ಮಾಡಿ ಬರಿಯ ಜಾಗ ಬಿಟ್ಟರು.

ನಿಮ್ಮ ಯಂತ್ರದ್ದು ಯಾವ ಸ್ಥಿತಿ ಎಂದು ತಿಳಿಯಲು ಒಂದು ಊದುಕಡ್ಡಿ ಸಾಕು. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿ, ಯಂತ್ರ ನಡೆಯುತ್ತಿರುವಾಗ ಹಿಂಬದಿಯ ಸಂದಿಗಳ ಬಳಿ, ಫ್ಯಾನಿನಿಂದ ದೂರದಲ್ಲಿ, ಕಡ್ಡಿಯ ಹೊಗೆ ಹಿಡಿಯಿರಿ. ಹೊಗೆ ಸಂದಿಯೊಳಕ್ಕೆ ಬಾಗಿದರೆ ಧೂಳೂ ಅದೇ ದಾರಿ ಹಿಡಿದಿದೆ ಎಂದರ್ಥ. ಹೊರಕ್ಕೆ ಚದುರಿದರೆ ಒಳ್ಳೆಯದು. ಎರಡು ಕ್ಷಣದ ಪರೀಕ್ಷೆ ಇದು, ಅಲ್ಲೇ ಕಡ್ಡಿ ಹಚ್ಚಿಡಬೇಡಿ. ಊದುಕಡ್ಡಿ, ಸೊಳ್ಳೆ ಬತ್ತಿ, ಒಗ್ಗರಣೆಯ ಹೊಗೆ ಮೂರೂ ಜಿಡ್ಡನ್ನು ಬಿಡುತ್ತವೆ. ಜಿಡ್ಡು ಹತ್ತಿದ ಧೂಳು ಬ್ಲೋವರ್‌ಗೂ ಜಗ್ಗುವುದಿಲ್ಲ. ದೇವರ ಪಟವನ್ನು ಮಾನಿಟರ್ ಪಕ್ಕ ಇಟ್ಟು ದಿನಾ ಎರಡು ಕಡ್ಡಿ ಹಚ್ಚುವ ಅಂಗಡಿಗಳ ಯಂತ್ರ ಬಿಚ್ಚಿದರೆ ಒಳಗೆ ಕಂದು ಬಣ್ಣದ ಅಂಟು ಸಿಗುತ್ತದೆ. ಪಟವನ್ನು ನಾಲ್ಕಡಿ ಆಚೆಗೆ ಸರಿಸಿದರೆ ದೇವರೇನೂ ಮುನಿಯುವುದಿಲ್ಲ.

ಸರಿಪಡಿಸಲು ದೊಡ್ಡ ಖರ್ಚಿಲ್ಲ. ಮುಂಭಾಗದಲ್ಲಿ 120 ಮಿ.ಮೀ. ಫ್ಯಾನ್ ಒಂದು, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡು, ಒಳಗೆ ಎಳೆಯುವಂತೆ. ಹಿಂದೆ ಈಗಾಗಲೇ ಇರುವ ಒಂದು, ಹೊರಗೆ ತಳ್ಳುವಂತೆ. ಮುಂದೆ ಒಂದೇ ಹಾಕಿದ್ದರೆ ಹಿಂದಿನದರ ವೇಗವನ್ನು ಅದಕ್ಕಿಂತ ಕಡಿಮೆ ಇಡಬೇಕು, ಇಲ್ಲವಾದರೆ ಒತ್ತಡ ಮತ್ತೆ ತಿರುಗುಮುರುಗು. ಫ್ಯಾನ್ ತಿರುವುಮುರುವು ಕೂರಿಸುವ ತಪ್ಪು ಬಹಳ ಸಾಮಾನ್ಯ. ರೆಕ್ಕೆಗಳು ಬಯಲಾಗಿ ಕಾಣುವ ಮುಖದಿಂದ ಗಾಳಿ ಒಳಗೆ ಹೋಗುತ್ತದೆ. ನಡುವಿನ ಮೋಟಾರನ್ನು ಹಿಡಿದ ಮೂರು-ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುವ ಮುಖದಿಂದ ಹೊರಬರುತ್ತದೆ. ಕೆಲವು ಫ್ಯಾನ್‌ಗಳ ಚೌಕಟ್ಟಿನ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ. ಅನುಮಾನವಿದ್ದರೆ ಟಿಶ್ಯೂ ಕಾಗದದ ಚೂರು ಹಿಡಿದರೆ ಗೊತ್ತಾಗುತ್ತದೆ. ಮೇಲ್ಭಾಗದಲ್ಲಿ ಫ್ಯಾನ್ ಹಾಕಲು ಜಾಗವಿದ್ದರೆ ಹಿಂದಿನ ತುದಿಯ ಜಾಗವನ್ನಷ್ಟೇ ಬಳಸಿ. ಮುಂದಿನ ತುದಿಯಲ್ಲಿ ಹೊರಗೆ ತಳ್ಳುವ ಫ್ಯಾನ್ ಕೂರಿಸಿದರೆ ಆಗಷ್ಟೇ ಒಳಬಂದ ತಂಪು ಗಾಳಿಯನ್ನು ಪ್ರೊಸೆಸರ್ ತನಕ ಹೋಗಗೊಡದೆ ಅದು ಕದ್ದುಬಿಡುತ್ತದೆ. ‘ಬಿಸಿ ಗಾಳಿ ಮೇಲಕ್ಕೇ ಹೋಗುತ್ತದಲ್ಲ’ ಎಂಬ ವಾದ ಫ್ಯಾನ್ ಇಲ್ಲದ ಡಬ್ಬಿಗೆ ಸರಿ. ಫ್ಯಾನ್ ತಿರುಗುತ್ತಿರುವ ಕಡೆ ಗಾಳಿ ಅದು ತಳ್ಳಿದತ್ತ ಹೋಗುತ್ತದೆ.

ಖಾಲಿ ಕಿಂಡಿಗಳನ್ನು ಮುಚ್ಚಬೇಕು. ಹಿಂಬದಿಯ ಸೀಳುಗಳಿಗೆ ತಗಡಿನ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಸಿಗದಿದ್ದರೆ ಹೊರಗಿನಿಂದ ಟೇಪ್ ಹಚ್ಚಿದರೂ ನಡೆದೀತು. ಮುಂಭಾಗದ ಜಾಲರಿಗೆ ಅಂಚಿನಲ್ಲಿ ಆಯಸ್ಕಾಂತದ ಪಟ್ಟಿ ಇರುವ ನೈಲಾನ್ ಫಿಲ್ಟರ್ ಒಳ್ಳೆಯದು, ತಗಡಿಗೆ ಅಂಟಿಸಿ ತೆಗೆಯುವುದು ಸಲೀಸು. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ತುಂಡನ್ನು ಕತ್ತರಿಸಿ ಅಂಟಿಸುವವರಿದ್ದಾರೆ. ಅದು ಕೂದಲು, ಹತ್ತಿಯ ನಾರು, ಜಿರಳೆ, ಹಲ್ಲಿಗಳನ್ನು ತಡೆಯುತ್ತದೆ, ನಯವಾದ ಮಣ್ಣಿನ ಧೂಳನ್ನು ತಡೆಯುವುದಿಲ್ಲ. ಏನೂ ಇಲ್ಲದಿರುವುದಕ್ಕಿಂತ ಮೇಲು. ಸ್ಪಂಜು, ಹಳೆಯ ಬನಿಯನ್ ಬಟ್ಟೆ ಮಾತ್ರ ಬೇಡವೇ ಬೇಡ. ಧೂಳು ಚೆನ್ನಾಗಿ ನಿಲ್ಲುತ್ತದೆ ನಿಜ, ಗಾಳಿಯೂ ನಿಲ್ಲುತ್ತದೆ. ಇನ್ನು ಫಿಲ್ಟರ್ ಹಾಕಿ ಮರೆತರೆ ಹಾಕದಿದ್ದುದಕ್ಕಿಂತ ಕೆಡುಕು: ಮುಂದಿನ ದಾರಿ ಕಟ್ಟಿಕೊಂಡ ಮೇಲೆ ಹಿಂದಿನ ಫ್ಯಾನ್ ಮತ್ತೆ ಸಂದಿಗಳಿಂದಲೇ ಎಳೆಯತೊಡಗುತ್ತದೆ. ಧೂಳಿನ ಊರಿನಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದೆಡೆ ತಿಂಗಳಿಗೊಮ್ಮೆ ತೆಗೆದು ಕೊಡವಿ, ಸೋಪಿನ ನೀರಲ್ಲಿ ಅಲುಬಿ, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಹಸಿ ಫಿಲ್ಟರ್ ಹಾಕಿದರೆ ಧೂಳು ಅದರ ಮೇಲೆ ಕೆಸರಾಗಿ ಒಣಗುತ್ತದೆ.

ಫ್ಯಾನ್‌ನ ವೇಗವೂ ಧೂಳಿನ ವಿಷಯವೇ. ಎಸ್‌ಎಂಪಿಎಸ್‌ನ ದಪ್ಪ ನಾಲ್ಕು ಕಡ್ಡಿಯ ವೈರಿಗೆ ಫ್ಯಾನ್ ಸಿಕ್ಕಿಸಿದರೆ ಅದು ಬೆಳಗಿನಿಂದ ಸಂಜೆವರೆಗೆ 12 ವೋಲ್ಟಿನಲ್ಲಿ ಒಂದೇ ವೇಗದಲ್ಲಿ ತಿರುಗುತ್ತದೆ, ಬೇಡದಿದ್ದಾಗಲೂ ಧೂಳು ಎಳೆಯುತ್ತದೆ. ಎಲ್ಲ ಭಾಗಗಳನ್ನೂ ಜೋಡಿಸಿರುವ ದೊಡ್ಡ ಬೋರ್ಡಿನ, ಅಂದರೆ ಮದರ್‌ಬೋರ್ಡಿನ, ಫ್ಯಾನ್ ಪಿನ್ನಿಗೆ ಸಿಕ್ಕಿಸಿದರೆ ಬಿಸಿಗೆ ತಕ್ಕಂತೆ ವೇಗ ಏರಿಳಿಯುತ್ತದೆ. ನಾಲ್ಕು ಪಿನ್‌ನ ಜಾಗಕ್ಕೆ ಮೂರು ಪಿನ್‌ನ ಫ್ಯಾನ್ ಹಾಕಬಹುದು. ಯಂತ್ರ ಆನ್ ಆಗುವಾಗ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್ ಪರದೆಯಲ್ಲಿ ಆ ಫ್ಯಾನಿಗೆ ಪಿಡಬ್ಲ್ಯೂಎಂ ಬದಲು ಡಿಸಿ ಎಂದು ಆರಿಸದಿದ್ದರೆ ಮಾತ್ರ ಅದು ಪೂರ್ಣ ವೇಗದಲ್ಲೇ ಓಡುತ್ತದೆ. ಅಲ್ಲೇ ವೇಗದ ಗೆರೆಯನ್ನೂ ಹೊಂದಿಸಿ: 50 ಡಿಗ್ರಿವರೆಗೆ ಶೇ 40, 70 ಡಿಗ್ರಿಗೆ ಶೇ 70, 85 ದಾಟಿದರೆ ಪೂರ್ಣ. ಒಂದು ಫ್ಯಾನನ್ನು ನಿಮಿಷಕ್ಕೆ 1,400 ಸುತ್ತಿನಲ್ಲಿ ಅರಚಿಸುವ ಬದಲು ಎರಡನ್ನು 800 ಸುತ್ತಿನಲ್ಲಿ ಓಡಿಸಿದರೆ ಗಾಳಿ ಹೆಚ್ಚು, ಸದ್ದು ಬಹಳ ಕಡಿಮೆ.

ಇಷ್ಟೆಲ್ಲ ಮಾಡಿ ಆ ಡಬ್ಬಿಯನ್ನು ಕಂಪ್ಯೂಟರ್ ಟೇಬಲ್‌ನ ಗೂಡಿಗೆ ತುರುಕಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಮ್ಮ ಪೀಠೋಪಕರಣದವರು ಮಾಡುವ ಆ ಗೂಡಿಗೆ ಮೂರು ಕಡೆ ಪ್ಲೈವುಡ್, ಮುಂದೊಂದು ಬಾಗಿಲು. ಕೆಲವು ಕಚೇರಿಗಳಲ್ಲಿ ಆ ಬಾಗಿಲಿಗೆ ಬೀಗ ಬೇರೆ. ಹಿಂದಿನಿಂದ ಹೊರಬಿದ್ದ ಬಿಸಿ ಗಾಳಿ ಎಲ್ಲೂ ಹೋಗದೆ ಸುತ್ತಿ ಮುಂದಕ್ಕೆ ಬಂದು ಮತ್ತೆ ಒಳಗೆ ಹೋಗುತ್ತದೆ. ಗೂಡಿನ ಹಿಂಬದಿಯ ಪ್ಲೈವುಡ್ ಕತ್ತರಿಸಿ ತೆಗೆಸಿ, ಬಾಗಿಲು ಕಳಚಿಡಿ. ಗೋಡೆಗೂ ಯಂತ್ರದ ಹಿಂಬದಿಗೂ 15 ಸೆಂ.ಮೀ. ಅಂತರವಿರಲಿ, ನೆಲದಿಂದ ಅರ್ಧ ಅಡಿ ಎತ್ತರದ ಸ್ಟ್ಯಾಂಡ್ ಇರಲಿ. ಬೆಳಿಗ್ಗೆ ಕಸಬರಿಗೆಯಲ್ಲಿ ಗುಡಿಸುವಾಗ ಏಳುವ ಧೂಳು ದಟ್ಟವಾಗಿರುವುದು ನೆಲದ ಹತ್ತಿರದಲ್ಲೇ. ನೆಲದ ಮೇಲಿಟ್ಟ ಕ್ಯಾಬಿನೆಟ್ಟಿನ ಮೂಗು ಇರುವುದೂ ಅಲ್ಲೇ. ಗುಡಿಸಿ ಒರೆಸಿದ ಮೇಲೆಯೇ ಯಂತ್ರ ಆನ್ ಮಾಡುವ ಅಭ್ಯಾಸ ಶಾಲೆಗಳಲ್ಲಿ ಕಷ್ಟವೇನಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಸೀಮೆಸುಣ್ಣದ ಹಲಗೆ ಇದ್ದರೆ ಅದನ್ನು ತೆಗೆಸಿ ಬಿಳಿ ಹಲಗೆ ಹಾಕಿಸಿ. ಹೊಲಿಸಿದ ಬಟ್ಟೆಯ ಗವಸು ಯಂತ್ರ ಆಫ್ ಇರುವಾಗ ಒಳ್ಳೆಯದೇ, ಆನ್ ಇರುವಾಗ ಮಾನಿಟರ್‌ನ ಗವಸನ್ನಷ್ಟೇ ತೆಗೆದು ಕ್ಯಾಬಿನೆಟ್ಟಿನದನ್ನು ಹಾಗೇ ಬಿಡುವುದನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಬಿಸಿ ತಡೆಯಲಾರದೆ ಪಕ್ಕದ ತಗಡನ್ನೇ ಕಳಚಿ ಓಡಿಸುವವರೂ ಇದ್ದಾರೆ. ಒಂದು ಪರೀಕ್ಷೆಯಾಗಿ ಅದು ಸರಿ. ತಗಡು ತೆಗೆದಾಗ ಪ್ರೊಸೆಸರಿನ ಬಿಸಿ ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಮುಂದಿನ ಗಾಳಿದಾರಿ ಕಟ್ಟಿದೆ ಎಂದು ತಿಳಿಯುತ್ತದೆ. ಆದರೆ ಅದೇ ಕಾಯಂ ಆದರೆ ಮುಂದಿನಿಂದ ಹಿಂದಕ್ಕೆ ಹರಿಯಬೇಕಾದ ಗಾಳಿ ಹರಿಯದೆ ಹಾರ್ಡ್ ಡಿಸ್ಕ್ ಮತ್ತು ಮದರ್‌ಬೋರ್ಡಿನ ವಿದ್ಯುತ್ ಭಾಗಗಳು ಕಾಯುತ್ತವೆ, ಧೂಳಿಗೆ ಜಾಲರಿಯೇ ಇಲ್ಲದಂತಾಗುತ್ತದೆ. ಬೆಚ್ಚಗಿನ ಜಾಗ ಹುಡುಕುವ ಹಲ್ಲಿ ಬಂದು ಎರಡು ಪಿನ್ನುಗಳ ನಡುವೆ ಸತ್ತರೆ ಬೋರ್ಡಿನ ಕಥೆ ಮುಗಿಯಿತು.

ಎಲ್ಲ ಊರಿನ ಧೂಳೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಸಂಡೂರು-ಹೊಸಪೇಟೆ ಕಡೆಯ ಕೆಂಪು ಅದಿರಿನ ಪುಡಿ ಬಲು ನಯ, ಸಾಧಾರಣ ಜಾಲರಿಯಲ್ಲಿ ನುಸುಳುತ್ತದೆ. ಅಲ್ಲಿ ಒಳಗಿನ ಸ್ವಚ್ಛತೆಯನ್ನೇ ಮೂರು ತಿಂಗಳಿಗೊಮ್ಮೆ ಮಾಡಬೇಕು. ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರದಂಥ ವಿದ್ಯುತ್ ಮಗ್ಗದ ಊರುಗಳಲ್ಲಿ ನೂಲಿನ ಎಳೆಗಳೇ ಕಂಬಳಿ ಕಟ್ಟುತ್ತವೆ. ಅದನ್ನು ಸೊಳ್ಳೆ ಜಾಲರಿಯೇ ಹಿಡಿಯುತ್ತದೆ, ವಾರಕ್ಕೊಮ್ಮೆ ಕೈಯಿಂದ ಸುಲಿದರಾಯಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಧೂಳು ಕಡಿಮೆ, ಆದರೆ ಮಳೆಗಾಲದ ತೇವವನ್ನು ಹೀರಿದ ಧೂಳು ಬೋರ್ಡಿನ ಮೇಲೆ ಕೂತು ಲೋಹದ ಕಾಲುಗಳನ್ನು ತುಕ್ಕು ಹಿಡಿಸುತ್ತದೆ. ಅಲ್ಲಿ ಜೂನ್‌ಗೆ ಮೊದಲೇ ಸ್ವಚ್ಛಗೊಳಿಸಿ, ಬಳಕೆ ಇಲ್ಲದ ಯಂತ್ರವನ್ನೂ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ ಒಳಗನ್ನು ಒಣಗಿಸಬೇಕು.

ಈಗ ಸ್ವಚ್ಛಗೊಳಿಸುವ ಕ್ರಮ. ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ವೈರುಗಳ ಫೋಟೊ ತೆಗೆದುಕೊಳ್ಳಿ. ಮುಂಭಾಗದ ಬಟನ್ನಿನ ಸಣ್ಣ ವೈರುಗಳು ಕಳಚಿದರೆ ಯಾವುದು ಎಲ್ಲಿ ಎಂದು ನೆನಪಿರುವುದಿಲ್ಲ. ಯಂತ್ರವನ್ನು ಜಗಲಿಗೋ ಮೊಗಸಾಲೆಗೋ ತಂದು, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಕೋಣೆಯೊಳಗೇ ಊದಿದರೆ ಆ ಧೂಳು ಪಕ್ಕದ ಯಂತ್ರದ ಪಾಲಾಗುತ್ತದೆ. ಕೆಲಸದ ನಡುವೆ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟುತ್ತಿರಿ, ಮೈಯಲ್ಲಿನ ಸ್ಥಿರವಿದ್ಯುತ್ತು ಬೋರ್ಡಿಗೆ ಹಾಯುವುದಿಲ್ಲ.

ಕೈಯಲ್ಲಿ ಹಿಡಿಯುವ 500-600 ವ್ಯಾಟಿನ ಬ್ಲೋವರ್ ಮತ್ತು ಒಂದಿಂಚಿನ ಮೆತ್ತನೆಯ ಪೇಂಟ್ ಬ್ರಶ್ ಸಾಕು. ಬ್ರಶ್ಶಿನ ಕುತ್ತಿಗೆಯ ತಗಡಿಗೆ ಟೇಪ್ ಸುತ್ತಿ, ಅದು ಬೋರ್ಡಿನ ಚಿಕ್ಕ ಬಿಡಿಭಾಗಗಳನ್ನು ಗೀರಬಾರದು. ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸುವುದು ನಮ್ಮಲ್ಲಿ ವಾಡಿಕೆ. ಆ ಟ್ಯಾಂಕಿನ ಗಾಳಿಯಲ್ಲಿ ನೀರಿನ ಹನಿ, ಎಣ್ಣೆಯ ಪಸೆ ಎರಡೂ ಇರುತ್ತವೆ; ಒತ್ತಡವೂ ಟೈರಿಗೆ ತಕ್ಕದ್ದು, ಬೋರ್ಡಿಗಲ್ಲ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರವಿದ್ಯುತ್ತು ಹುಟ್ಟುತ್ತದೆ, ಅದನ್ನು ಹೊರಗಿನ ಜಾಲರಿಗೆ ಮಾತ್ರ ಬಳಸಿ.

ಊದುವಾಗ ಪ್ರತಿ ಫ್ಯಾನಿನ ರೆಕ್ಕೆಯನ್ನೂ ಬೆರಳಿನಿಂದಲೋ ಐಸ್‌ಕ್ರೀಮ್ ಕಡ್ಡಿಯಿಂದಲೋ ತಡೆಹಿಡಿಯಲೇಬೇಕು. ಬ್ಲೋವರ್ ಗಾಳಿಗೆ ಫ್ಯಾನ್ ತನ್ನ ಮಿತಿ ಮೀರಿ ಗಿರ್ರನೆ ತಿರುಗಿದರೆ ಬೇರಿಂಗ್ ಸವೆಯುತ್ತದೆ, ಜೊತೆಗೆ ಮೋಟಾರೇ ಡೈನಮೊ ಆಗಿ ಬೋರ್ಡಿನತ್ತ ವಿದ್ಯುತ್ತು ತಳ್ಳುತ್ತದೆ. ಮೇಲಿನಿಂದ ಕೆಳಕ್ಕೆ ಬನ್ನಿ. ಹೀಟ್‌ಸಿಂಕಿಗೆ ಗಾಳಿ ಮಾಮೂಲು ಹೋಗುವ ದಿಕ್ಕಿಗೆ ಎದುರಾಗಿ ಊದಿ. ಅದೇ ದಿಕ್ಕಿನಲ್ಲಿ ಊದಿದರೆ ಕಂಬಳಿ ಇನ್ನಷ್ಟು ಒಳಕ್ಕೆ ಒತ್ತಿಕೊಳ್ಳುತ್ತದೆ. ಮತ್ತೆ ಆನ್ ಮಾಡಿದಾಗ ಬೀಪ್ ಸದ್ದು ಬಂದರೆ ಆಫ್ ಮಾಡಿ, ಪ್ಲಗ್ ಕಿತ್ತು, ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ರಬ್ಬರಿನಿಂದ ಉಜ್ಜುವ ಹಳೆಯ ವಿದ್ಯೆ ಕೆಲಸ ಮಾಡುತ್ತದೆ, ಲೇಪವನ್ನೂ ಸ್ವಲ್ಪ ಸವೆಸುತ್ತದೆ. ಕೋವಿಡ್ ಕಾಲದಿಂದ ಮೂಲೆಯಲ್ಲಿ ಉಳಿದಿರುವ ಕೈಸ್ಯಾನಿಟೈಸರ್ ಇದಕ್ಕೆ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಕರಕರ ಎನ್ನುವ ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಡುವವರಿಗೆ ಕೈಮುಗಿದು ಕೇಳುತ್ತೇನೆ, ಬೇಡ. ಅದು ಕೆಲವೇ ದಿನದಲ್ಲಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸ್ಟಿಕರ್ ಕೆಳಗೆ ಬಿಟ್ಟರೆ ಹೊಸ ಫ್ಯಾನ್ ತರುವವರೆಗೆ ದೂಡಬಹುದು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್‌ನಲ್ಲಿ 325 ವೋಲ್ಟ್ ನಿಲ್ಲುತ್ತದೆ, ಕೆಲವು ಮಾದರಿಗಳಲ್ಲಿ 380ಕ್ಕೂ ಹೆಚ್ಚು. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಹೊರಗಿನ ಜಾಲರಿಯಿಂದಲೇ, ಫ್ಯಾನಿಗೆ ಮರದ ಕಡ್ಡಿ ಅಡ್ಡ ಹಿಡಿದು ಊದಿ. ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ತಳದಲ್ಲಿದ್ದು ತಳಕ್ಕೆ ಜಾಲರಿ ಇದ್ದರೆ ಅದರ ಫ್ಯಾನ್ ಕೆಳಮುಖವಾಗಿರಲಿ, ತಂಪು ಗಾಳಿಯನ್ನು ಬೇರೆಯಾಗಿಯೇ ಎಳೆದುಕೊಳ್ಳುತ್ತದೆ. ತಳದ ಜಾಲರಿಯನ್ನು ತೊಳೆಯಲು ಮರೆಯುವವರೇ ಹೆಚ್ಚು, ಕಾಣುವುದಿಲ್ಲವಲ್ಲ.

ಎರಡು-ಮೂರು ವರ್ಷಕ್ಕೊಮ್ಮೆ, ಅಥವಾ ಹೀಟ್‌ಸಿಂಕ್ ಎತ್ತಿದಾಗಲೆಲ್ಲ, ಪ್ರೊಸೆಸರಿನಿಂದ ಹೀಟ್‌ಸಿಂಕಿಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಾಕಬೇಕು. ಇಂಟೆಲ್‌ನ ಮಾಮೂಲಿ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ತಲೆಯ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆದರೆ ಬಿಡುತ್ತವೆ. ಹಾಕುವಾಗ ತಲೆಗಳನ್ನು ಬಾಣಕ್ಕೆ ಎದುರು ತಿರುಗಿಸಿಟ್ಟು, ಮೂಲೆಯಿಂದ ಎದುರು ಮೂಲೆಗೆ ‘ಟಕ್’ ಎನ್ನುವವರೆಗೆ ಒತ್ತಬೇಕು. ನಾಲ್ಕರಲ್ಲಿ ಒಂದು ಸರಿಯಾಗಿ ಕೂರದೆ ಹೀಟ್‌ಸಿಂಕ್ ಒಂದು ಕಡೆ ಎದ್ದಿರುವುದು, ಸರ್ವೀಸ್ ಆದ ಮೇಲೆ ಬಿಸಿ ಮೊದಲಿಗಿಂತ ಹೆಚ್ಚಾಯಿತು ಎಂಬ ದೂರಿಗೆ ದೊಡ್ಡ ಕಾರಣ. ಬೋರ್ಡಿನ ಹಿಂಬದಿಯಿಂದ ಕನ್ನಡಿ ಹಿಡಿದು ನಾಲ್ಕೂ ಕಾಲು ಹೊರಬಂದಿವೆಯೇ ನೋಡಿ. ರೈಜೆನ್ 5000 ಸರಣಿವರೆಗಿನ ಎಎಂ4 ಬೋರ್ಡಿನಲ್ಲಿ ಇನ್ನೊಂದು ಅಪಾಯ: ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಹೀಟ್‌ಸಿಂಕಿನ ಜೊತೆಗೇ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ನುಗಳು ಬಾಗುತ್ತವೆ. ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾಗಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚುತ್ತ ಸಡಿಲಿಸಿ, ಆಮೇಲೆ ಎತ್ತಿ. ಹಳೆಯ ಪೇಸ್ಟನ್ನು ಆಲ್ಕೊಹಾಲ್‌ನಿಂದ ಪೂರ್ತಿ ಒರೆಸಿ, ನಡುವೆ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಸಾಕು, ಹೀಟ್‌ಸಿಂಕಿನ ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಬಳಿದರೆ ಬಿಸಿ ದಾಟುವುದು ನಿಧಾನ. ತಗಡು ಮುಚ್ಚುವ ಮೊದಲು ಒಮ್ಮೆ ಆನ್ ಮಾಡಿ ಎಲ್ಲ ಫ್ಯಾನ್ ತಿರುಗುತ್ತಿವೆಯೇ, ಯಾವ ವೈರೂ ರೆಕ್ಕೆಗೆ ತಾಗುತ್ತಿಲ್ಲವೇ ನೋಡಿಕೊಳ್ಳಿ.

ಕೆಲಸ ಸಾರ್ಥಕವಾಯಿತೋ ಇಲ್ಲವೋ ಹೇಳುವುದು ಅಂಕಿಯೊಂದೇ. ವಿಂಡೋಸಿನಲ್ಲಿ ಎಚ್‌ಡಬ್ಲ್ಯೂಮಾನಿಟರ್‌ನಂಥ ಉಚಿತ ತಂತ್ರಾಂಶ, ಲಿನಕ್ಸ್‌ನಲ್ಲಿ ‘ಸೆನ್ಸರ್ಸ್’ ಎಂಬ ಆಜ್ಞೆ ಪ್ರೊಸೆಸರಿನ ಬಿಸಿ ತೋರಿಸುತ್ತವೆ. ಸ್ವಚ್ಛಗೊಳಿಸುವ ಮೊದಲೊಮ್ಮೆ, ಆದ ಮೇಲೊಮ್ಮೆ, ಒಂದೇ ಭಾರವಾದ ಕೆಲಸವನ್ನು 15 ನಿಮಿಷ ಕೊಟ್ಟು ಅಳೆಯಿರಿ. ಅಳೆದ ಅಂಕಿಯಿಂದ ಕೋಣೆಯ ಉಷ್ಣಾಂಶ ಕಳೆದು ಬರೆದಿಡಿ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಗಿಂತ ತಂಪಾಗಿಸಲಾರದು. ಏಪ್ರಿಲ್-ಮೇನಲ್ಲಿ ರಾಯಚೂರು, ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವ ದಿನ ಅಲ್ಲಿನ ಯಂತ್ರ 82 ತೋರಿಸಿದರೆ ಗಾಬರಿ ಬೇಡ, 40 ಡಿಗ್ರಿ ಏರಿಕೆಯಷ್ಟೇ. ಅದೇ ಯಂತ್ರ 24 ಡಿಗ್ರಿಯ ಮಡಿಕೇರಿಯಲ್ಲಿ 82 ತೋರಿಸಿದರೆ ಏರಿಕೆ 58, ತಗಡು ಬಿಚ್ಚಲೇಬೇಕು. ಸ್ವಚ್ಛಗೊಳಿಸಿದ ದಿನದ ಏರಿಕೆಗಿಂತ 10 ಡಿಗ್ರಿ ಹೆಚ್ಚಾದಾಗ ಮುಂದಿನ ಸ್ವಚ್ಛತೆಯ ಸಮಯ ಬಂದಿದೆ.

ಶಾಲಾ ಶಿಕ್ಷಣ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಗಳಲ್ಲಿ ನನ್ನ ಕೋರಿಕೆ ಇಷ್ಟು. ವಾರ್ಷಿಕ ನಿರ್ವಹಣೆ ಗುತ್ತಿಗೆಯ ಕಾಗದಗಳಲ್ಲಿ ‘ಸರ್ವೀಸ್ ಮಾಡಲಾಗಿದೆ’ ಎಂಬ ಒಂದೇ ಸಾಲು, ಕೆಳಗೊಂದು ಸಹಿ ಇರುತ್ತದೆ. ಅಲ್ಲಿ ನಾಲ್ಕು ಮನೆ ಹೆಚ್ಚಿಸಲಿ: ಕೋಣೆಯ ಉಷ್ಣಾಂಶ, ಸರ್ವೀಸಿಗೆ ಮೊದಲಿನ ಅಂಕಿ, ನಂತರದ ಅಂಕಿ, ಫಿಲ್ಟರ್ ತೊಳೆದ ದಿನಾಂಕ. ಎರಡು ಅಂಕಿಗಳ ನಡುವೆ ವ್ಯತ್ಯಾಸವಿಲ್ಲದಿದ್ದರೆ ಬಿಲ್ ಪಾಸು ಮಾಡುವ ಮೊದಲು ಮುಖ್ಯಶಿಕ್ಷಕರೋ ಪಿಡಿಒ ಅವರೋ ಒಮ್ಮೆ ಫ್ಯಾನ್ ಬಿಚ್ಚಿಸಿ ಆ ಕಂಬಳಿ ಇದೆಯೇ ನೋಡಲಿ. ಹೊಸ ಯಂತ್ರಗಳ ಟೆಂಡರಿನಲ್ಲಿ ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು ಎಂದು ಬರೆಯುವವರು ‘ಮುಂಭಾಗದಲ್ಲಿ ಒಳಗೆ ಎಳೆಯುವ 120 ಮಿ.ಮೀ. ಫ್ಯಾನ್, ಕಳಚಿ ತೊಳೆಯಬಹುದಾದ ಜಾಲರಿ’ ಎಂಬ ಸಾಲನ್ನೂ ಸೇರಿಸಲಿ.

ಇಂತಿ,
ಕಂಪ್ಯೂಟರ್ ಹಾರ್ಡ್‌ವೇರ್ ತಂತ್ರಜ್ಞ,
ಚಿತ್ರದುರ್ಗ